ಕೀಳು, ಕೇಳು

ಇಪ್ಪತ್ತೆರಡು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಹೆಂಗಸು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಸ್ನಾತಕೋತ್ತರ ತರಗತಿಗೆ ಸೇರಿದಳು. ಸಾಹಿತ್ಯ, ಕಾನೂನು, ತತ್ವಶಾಸ್ತ್ರ, ಚರಿತ್ರೆ ಎಲ್ಲವನ್ನೂ ಹಳೆಯ ಮೂಲಗ್ರಂಥಗಳ ಮೂಲಕವೇ ಕಲಿಸುವ ತರಗತಿ ಅದು. ಜೊತೆಯ ಹುಡುಗಿಯರು ಅವಳನ್ನು ಕರಡಕ್ಕ ಎಂದು ಕರೆದರು. ಅವಳಿಗೂ ಅದು ಹಿಡಿಸಿತು.

"ಮೂಲ ಓದದೆ ಬಾಯಿ ತೆರೀಬೇಡಿ" ಎಂಬುದು ಮೇಷ್ಟ್ರ ಮೊದಲ ದಿನದ ಮಾತು. ಅವರಿಗೆ ಹೆಸರು ತಂದ ಪುಸ್ತಕ ನಿಂತಿದ್ದುದು ಹಳೆಯ ನೀತಿಗ್ರಂಥವೊಂದರ ಒಂದೇ ಸಾಲಿನ ಮೇಲೆ: 'ಮನೆಯ ಹೆಣ್ಣಿನ ಮಾತು ಕೀಳು.' ಆ ಕಾಲದ ಕಾನೂನು, ಕುಟುಂಬ, ಕಾವ್ಯ ಹೆಣ್ಣನ್ನು ಹೇಗೆ ತುಳಿದವು ಎಂಬುದನ್ನೆಲ್ಲ ಅವರು ಅಲ್ಲಿಂದಲೇ ಎಳೆ ಎಳೆಯಾಗಿ ಬಿಡಿಸುತ್ತಿದ್ದರು. ಕರಡಕ್ಕನಿಗೆ ಆ ಸಾಲು ಹೊಸದಲ್ಲ. ಹದಿನೇಳರಲ್ಲಿ ಅವಳು ಕಾಲೇಜಿಗೆ ಹೋಗುತ್ತೇನೆಂದಾಗ ಅಪ್ಪ ಅದನ್ನೇ ಹೇಳಿ ಬಾಯಿ ಮುಚ್ಚಿಸಿದ್ದ.

ಪ್ರಬಂಧ ಬರೆಯಲೆಂದು ಗ್ರಂಥಾಲಯದಲ್ಲಿ ಆ ಗ್ರಂಥದ ಮೊದಲ ಅಚ್ಚನ್ನು ತೆಗೆಸಿದಳು. ಅದರಲ್ಲಿ 'ಮನೆಯ ಹೆಣ್ಣಿನ ಮಾತು ಕೇಳು' ಎಂದಿತ್ತು. ಎರಡನೆಯ ಅಚ್ಚಿನಲ್ಲಿ ಅಚ್ಚುಮೊಳೆ ಜೋಡಿಸಿದವನು ಏತ್ವದ ಜಾಗದಲ್ಲಿ ಗುಡಿಸಿನ ದೀರ್ಘ ಕೂರಿಸಿ 'ಕೀಳು' ಮಾಡಿದ್ದ. ಆಮೇಲಿನವರೆಲ್ಲ ಅದನ್ನೇ ಇಳಿಸಿಕೊಂಡಿದ್ದರು. ಕೆಳಗಿನ ಸಾಲು ಮಾತ್ರ ಎಲ್ಲ ಅಚ್ಚಿನಲ್ಲೂ ಒಂದೇ: 'ಕೇಳದೆ ಕೆಟ್ಟವರು ಬಹಳ.' ಅವಳು ಮೂವತ್ತೆರಡು ವರ್ಷ ಒಂದು ಅಚ್ಚಿನ ತಪ್ಪಿಗೆ ತಲೆ ತಗ್ಗಿಸಿದ್ದಳು.

ಮೇಷ್ಟ್ರು ಅವಳ ಪ್ರಬಂಧವನ್ನು ಮೇಜಿನ ಮೇಲೆ ತಳ್ಳಿದರು. "ನೋಡಿಮ್ಮ, ಇದು ಕರಡು ತಿದ್ದೋ ಕೆಲಸ. ಇಲ್ಲಿ ಬೇಕಾಗಿರೋದು ವಿಚಾರ."

"ಸರ್, ಕೆಳಗಿನ ಸಾಲು ಓದಿದ್ರಾ?"

"ನನ್ನ ಪುಸ್ತಕ ನಾಲ್ಕು ಅಚ್ಚು ಕಂಡಿದೆ."

"ನಾನು ಕೇಳಿದ್ದು ಅದಲ್ಲ, ಸರ್."

ಪ್ರಬಂಧಕ್ಕೆ ತೇರ್ಗಡೆಯ ಅಂಕವೂ ಸಿಗಲಿಲ್ಲ.

ಮರುದಿನ ತರಗತಿಯಲ್ಲಿ ಅವಳು ಎದ್ದು ನಿಂತು, ಮೊದಲ ಅಚ್ಚು ಹಿಡಿದು, ಎರಡೂ ಸಾಲು ಗಟ್ಟಿಯಾಗಿ ಓದಿದಳು. "ಇಪ್ಪತ್ತು ವರ್ಷ ಇದನ್ನೇ ಪಾಠ ಮಾಡಿದೀರಿ. ಒಂದು ಬೆರಳಷ್ಟು ಕೆಳಗೆ ಕಣ್ಣು ಹಾಯಿಸೋಕೆ ಆಗಲಿಲ್ವಾ? ನಮ್ಮಪ್ಪ ಯಾರೋ ಹೇಳಿದ್ದನ್ನ ನಂಬಿದ್ದ, ಅವನನ್ನ ಬಿಡಿ. ಓದೋದೇ ನಿಮ್ಮ ಕೆಲಸ ಅಲ್ವಾ?"

"ಕೂತ್ಕೊಳ್ಳಿ."

ಅವಳು ಕೂರಲಿಲ್ಲ. ಮೇಷ್ಟ್ರೇ ಎದ್ದು ಹೋದರು.

ಆ ಮಧ್ಯಾಹ್ನವೇ ಅವಳು ಗ್ರಂಥಾಲಯದಲ್ಲಿದ್ದ ಹನ್ನೊಂದು ಮರುಮುದ್ರಣಗಳನ್ನೂ ಮೇಜಿನ ಮೇಲೆ ಗುಡ್ಡೆ ಹಾಕಿಕೊಂಡು ಕೆಂಪು ಪೆನ್ನು ತೆಗೆದಳು. ಏಳನೆಯದಕ್ಕೆ ಗ್ರಂಥಪಾಲಕ ಓಡಿಬಂದ.

"ಏನಮ್ಮಾ, ಪುಸ್ತಕದ ಮೇಲೆ ಗೀಚ್ತೀರಾ?"

"ಗೀಚ್ತಿಲ್ಲಪ್ಪ, ತಿದ್ತಿದೀನಿ. ಇನ್ನೂ ನಾಲ್ಕಿದೆ, ಸ್ವಲ್ಪ ತಡಿ."

ಅವನು ಅಷ್ಟು ಹೊತ್ತು ಕಾಯಲಿಲ್ಲ. ಅವಳ ಗ್ರಂಥಾಲಯದ ಕಾರ್ಡು ಒಂದು ವರ್ಷದ ಮಟ್ಟಿಗೆ ರದ್ದಾಯಿತು. ಅಂಕ ಬದಲಾಗಲಿಲ್ಲ, ಆ ಪತ್ರಿಕೆಗೆ ಮತ್ತೆ ಕೂತು ಪಾಸಾದಳು. ಮುಂದಿನ ವರ್ಷದ ಹುಡುಗಿಯರನ್ನು ವಿಚಾರಿಸಿದಾಗ ತಿಳಿಯಿತು, ಮೇಷ್ಟ್ರು ಆ ಸಾಲನ್ನೇ ಪಾಠದಿಂದ ಸದ್ದಿಲ್ಲದೆ ಕೈಬಿಟ್ಟಿದ್ದರು. ತಪ್ಪಾಯಿತು ಎಂದು ಯಾರ ಎದುರೂ ಬಾಯಿ ಬಿಟ್ಟಿರಲಿಲ್ಲ. ಅವಳಿಗೆ ಮೈಯೆಲ್ಲ ಮತ್ತೆ ಉರಿದುಹೋಯಿತು.