ಕಾಪಿಯಲ್ಲಿಲ್ಲದ ಅಲ್ಪವಿರಾಮ

ಮಾಲೀಕರ ಆತ್ಮಕತೆಯ ಎಂಬತ್ತೇಳನೇ ಪುಟದಲ್ಲಿ ಆರು ಪದಗಳ ಒಂದು ವಾಕ್ಯಕ್ಕೆ ನಾಲ್ಕು ಅಲ್ಪವಿರಾಮಗಳು ಬಿದ್ದಿದ್ದವು. ‘ನಾನು, ಎಂದಿಗೂ, ಯಾರ ಮುಂದೆಯೂ, ತಲೆ, ತಗ್ಗಿಸಿದವನಲ್ಲ.’ ಓದಿದವರಿಗೆ, ಯಾರೋ ಮೆಟ್ಟಿಲಿಗೊಮ್ಮೆ ಎಡವುತ್ತ ಇಳಿಯುತ್ತಿರುವ ಹಾಗೆ ಕೇಳುತ್ತಿತ್ತು.

ಮಾಲೀಕರು ಆ ಹಾಳೆಯನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು ಪ್ರೂಫ್ ಕೋಣೆಗೆ ಬಂದರು.

“ಏನಿದು? ನಾನು ಬರೆದದ್ದಾ ಇದು? ನಾನು ತೊದಲ್ತೀನಾ?”

ಆ ಮುದ್ರಣಾಲಯದಲ್ಲಿ ಇನ್ನೂ ಇಬ್ಬರು ಎದುರುಬದುರು ಕೂತು ಕರಡು ತಿದ್ದುವ ಪದ್ಧತಿ ಉಳಿದಿತ್ತು. ಒಬ್ಬರು ಕೈಬರಹದ ಕಾಪಿಯನ್ನು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು, ಕಿವಿಗೆ ಬಿದ್ದದ್ದಕ್ಕೂ ಕಣ್ಣಿಗೆ ಕಂಡದ್ದಕ್ಕೂ ತಾಳೆ ನೋಡಿ ಕೆಂಪು ಶಾಯಿಯಲ್ಲಿ ಗುರುತು ಹಾಕಬೇಕು. ಓದುವ ಕೆಲಸ ಇಪ್ಪತ್ತೆರಡು ವರ್ಷಗಳಿಂದ ಅವಳದ್ದು. ಎಲ್ಲರ ಬಾಯಲ್ಲೂ ಅವಳು ‘ಓದಕ್ಕ’ ಆಗಿದ್ದಳು. ತಿದ್ದುವವರು ಮೇಷ್ಟ್ರು. ಶಾಲೆಯಿಂದ ನಿವೃತ್ತರಾಗಿ ಬಂದ ಅವರಿಗೆ ಕಣ್ಣು ಮಂಜಾದಷ್ಟೂ ಕಿವಿ ಚುರುಕಾಗುತ್ತ ಹೋಗಿತ್ತು. ಅವಳು ಓದುವಾಗ ಅವರು ಕೇಳುತ್ತಿದ್ದ ರೀತಿ ಪೂಜೆಗೆ ಕೂತವರದ್ದು: ಬೆನ್ನು ನೆಟ್ಟಗೆ, ಉಸಿರು ಮೆಲ್ಲಗೆ. ವಿರಾಮಗಳನ್ನು ಬಾಯಲ್ಲಿ ಹೇಳುತ್ತ ಕೂತರೆ ಹೊತ್ತು ಹೋಗುತ್ತದೆಂದು ಅವಳು ಮೇಜಿಗೆ ಪೆನ್ಸಿಲ್ ಕುಟ್ಟುತ್ತಿದ್ದಳು. ಒಂದು ಟಕ್ ಅಲ್ಪವಿರಾಮ, ಎರಡು ಟಕ್ ಪೂರ್ಣವಿರಾಮ.

“ಇವರು ಟಕ್ ಅಂದ್ರು ಸರ್. ನಾನು ಹಾಕ್ದೆ,” ಎಂದರು ಮೇಷ್ಟ್ರು.

“ನಾನು ಕುಟ್ಟಲೇ ಇಲ್ಲ ಮೇಷ್ಟ್ರೇ!”

“ಕುಟ್ಟಿದ್ರಿ ತಾಯಿ. ನನ್ನ ಕಿವಿ ಸುಳ್ಳು ಹೇಳಲ್ಲ.”

ಪರೀಕ್ಷೆ ನಡೆಯಿತು. ಅವಳು ಪೆನ್ಸಿಲನ್ನು ಕಿಟಕಿಯ ಮೇಲಿಟ್ಟು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಓದಿದಳು. “ನಾನು,” ಟಕ್. “ಎಂದಿಗೂ,” ಟಕ್. ಮಾಲೀಕರು ಮೇಜಿನ ಕೆಳಗೆ ಬಗ್ಗಿ ನೋಡಿದರು. ಮೇಷ್ಟ್ರು ಮಾತ್ರ ಕಣ್ಣು ಮುಚ್ಚಿ, ಕಿವಿ ಮುಂದೆ ಚಾಚಿ, ಬೆರಳನ್ನು ನೇರ ಅವಳ ಬಲಗೆನ್ನೆಯ ಕಡೆ ತೋರಿಸಿದರು.

“ಶಬ್ದ ಅಲ್ಲಿಂದ ಬರ್ತಿದೆ. ಕಿವಿಯ ಮುಂದೆ. ದವಡೆಯ ಕೀಲು.”

ಅವಳಿಗೆ ಅದು ಹೊಸ ಸುದ್ದಿಯಲ್ಲ. ಆರು ತಿಂಗಳಿಂದ ಬಲಗಿವಿಯ ಹತ್ತಿರ ನೋವಿತ್ತು, ಬೆಳಿಗ್ಗೆ ಎದ್ದರೆ ಕೆನ್ನೆ ಮರಗಟ್ಟಿರುತ್ತಿತ್ತು, ಆಕಳಿಸಿದರೆ ಬಾಯಿ ಅರ್ಧದಲ್ಲೇ ನಿಲ್ಲುತ್ತಿತ್ತು. ಕಿವಿಯ ಡಾಕ್ಟರು ಕಿವಿ ತೊಳೆದು ಕಳಿಸಿದ್ದರು. ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ, ಲೋಕದ ಕಷ್ಟಗಳೆಲ್ಲ ಕಣ್ಣಿನಿಂದಲೇ ಬರುತ್ತವೆಂದು ನಂಬಿದವನು, ಎರಡು ಸಲ ಕನ್ನಡಕ ಬದಲಾಯಿಸಿದ್ದ. ಹಾಗಾಗಿ ಈಗ ನೋವು ಅವಳಿಗೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತಿತ್ತು. ಅತ್ತೆಯ ಮತ ಬೇರೆ. “ಕೀಲು ಬಿಗಿದ್ರೆ ಜಗೀಬೇಕು ಕಣೇ ಹುಡುಗಿ. ಜಗಿದಷ್ಟೂ ಸಡಿಲ ಆಗತ್ತೆ.” ಅತ್ತೆಯ ಮಾತಿಗೆ ಎದುರಾಡಲಾರದೆ ಅವಳು ಒಂದು ತಿಂಗಳು ಚ್ಯೂಯಿಂಗ್ ಗಮ್ ಜಗಿದಳು. ಮೊದಲು ಎರಡೂವರೆ ಬೆರಳಗಲ ತೆರೆಯುತ್ತಿದ್ದ ಬಾಯಿ ಈಗ ಒಂದೂವರೆಗೆ ಇಳಿದಿತ್ತು.

ಮಾಲೀಕರು ಹೆಚ್ಚು ಯೋಚಿಸುವವರಲ್ಲ. ಅವರಿಗೆ ಮನುಷ್ಯರೂ ಯಂತ್ರಗಳೂ ಒಂದೇ ಚಾವಣಿಯ ಕೆಳಗೆ ಇದ್ದವು.

“ಬಿಚ್ಚಿಸ್ಬೇಕಮ್ಮ. ಸದ್ದು ಮಾಡೋ ಬೇರಿಂಗನ್ನ ಬಿಚ್ಚದೆ ಸರಿ ಮಾಡಕ್ಕಾಗತ್ತಾ? ದೊಡ್ಡಾಸ್ಪತ್ರೆ ಸರ್ಜನ್ ನಮ್ಮ ಗಿರಾಕಿ. ಅವರ ಕರಪತ್ರ ನೀನೇ ಓದಿದ್ಯಲ್ಲ?”

ಹೌದು, ಅವಳೇ ಓದಿದ್ದಳು. ‘ದವಡೆಯ ನೋವಿಗೆ ವಿದಾಯ’ ಎಂಬ ನುಣುಪು ಕಾಗದದ ಕರಪತ್ರ. ಅದರಲ್ಲಿ ಒಂದೇ ಒಂದು ಅಕ್ಷರದೋಷವೂ ಇರಲಿಲ್ಲ. ಅದಕ್ಕೇ ಅವಳಿಗೆ ಅದರ ಮೇಲೆ ಭಯ ಮಿಶ್ರಿತ ನಂಬಿಕೆ. ಅವಳು ಹೋದಾಗ ಸರ್ಜನ್ ದವಡೆಯ ಸ್ಕ್ಯಾನ್ ಮಾಡಿಸಿ, ಅದನ್ನು ದೀಪಕ್ಕೆ ಹಿಡಿದು ಏಳು ನಿಮಿಷ ನೋಡಿದರು, ಅವಳನ್ನು ಬಾಗಿಲಿಗೆ ಬಂದಾಗೊಮ್ಮೆ, ಹೋಗುವಾಗೊಮ್ಮೆ. ತೆರೆದು ನೋಡೋಣ, ಆಮೇಲೆ ಕೆಲವು ವಾರ ಮಾತು ಬೇಡ, ಬಾಯಿ ಮೊದಲಿನಂತೆ ಆಗುವುದೋ ಇಲ್ಲವೋ ಈಗಲೇ ಹೇಳಲಾಗದು ಎಂದರು. ಮಾಲೀಕರು ತಾವೇ ದಿನ ಗೊತ್ತುಮಾಡಿದರು: ಆರು ವಾರದ ನಂತರ. ಆತ್ಮಕತೆಯ ಮೊದಲ ಕರಡಿಗೂ ಎರಡನೇ ಕರಡಿಗೂ ನಡುವಿನ ಬಿಡುವಿನಲ್ಲಿ ಅವಳ ದವಡೆ ಬಿಚ್ಚಿ ಮುಚ್ಚಬೇಕು.

“ಆಯ್ತು ಸರ್,” ಎಂದಳು ಅವಳು. ಬೇಡ ಎನ್ನಲು ಬಾಯಿ ತೆರೆದಿದ್ದಳು. ಅದು ತೆರೆದದ್ದೇ ಅಷ್ಟು.

ಆ ದಿನ ಮನೆಗೆ ಹೋಗುವ ದಾರಿಯಲ್ಲಿ ಮೇಷ್ಟ್ರು ಅವಳ ಜೊತೆ ನಾಲ್ಕು ಹೆಜ್ಜೆ ನಡೆದರು. “ಇಪ್ಪತ್ತೆರಡು ವರ್ಷದಿಂದ ನಿಮ್ಮ ದನಿ ಕೇಳ್ತಿದೀನಿ ತಾಯಿ. ಕೊಯ್ಯಿಸೋಕೆ ಮುಂಚೆ ಇನ್ನೊಬ್ಬರಿಗೆ ತೋರ್ಸಿ. ನನ್ನ ಸಲುವಾಗಿಯಾದ್ರೂ.” ಅಷ್ಟು ಹೇಳಿ, ಹೆಚ್ಚು ಮಾತಾಡಿಬಿಟ್ಟೆನೇನೋ ಎಂಬಂತೆ ರಸ್ತೆ ದಾಟಿ ಹೋದರು.

ಬೇಕರಿಯ ಮೇಲಿನ ಮಹಡಿಯಲ್ಲಿದ್ದ ಹಲ್ಲಿನ ಡಾಕ್ಟ್ರಮ್ಮ ಸ್ಕ್ಯಾನನ್ನು ಪಕ್ಕಕ್ಕಿಟ್ಟು, ಅವಳ ಕಿವಿಗಳ ಮುಂದೆ ಎರಡೂ ಕೈಯ ಬೆರಳಿಟ್ಟು, “ಬಾಯಿ ತೆಗೀರಿ. ಮುಚ್ಚಿ. ಮತ್ತೆ ತೆಗೀರಿ,” ಎಂದರು. ಕೆನ್ನೆಯ ಸ್ನಾಯುಗಳನ್ನು ಒತ್ತಿದರು. ಅವಳ ಕಣ್ಣಲ್ಲಿ ನೀರು ಬಂತು. ಸ್ಕೇಲಿಟ್ಟು ಅಳೆದರು.

“ಕೀಲಿನ ನಡುವೆ ದಿಂಬಿನ ಥರ ಒಂದು ಬಿಲ್ಲೆ ಇರತ್ತೆ. ನಿಮ್ಮದು ಸ್ವಲ್ಪ ಮುಂದೆ ಜಾರಿದೆ. ಬಾಯಿ ತೆಗೆದಾಗ ಜಾಗಕ್ಕೆ ಬರತ್ತೆ, ಆಗ ಟಕ್ ಅನ್ನತ್ತೆ. ಆ ಸದ್ದು ಊರಲ್ಲಿ ಎಷ್ಟೋ ಜನಕ್ಕಿದೆ, ಅದರಿಂದ ಯಾರೂ ಕೆಟ್ಟಿಲ್ಲ. ನಿಮ್ಮನ್ನ ಕಾಡ್ತಿರೋದು ಸದ್ದಲ್ಲ, ಈ ಸ್ನಾಯು. ಕಲ್ಲಾಗಿದೆ. ದಿನಾ ಏನನ್ನ ಹೀಗೆ ಕಚ್ಚಿ ಹಿಡೀತೀರಿ?”

“ಏನನ್ನೂ ಇಲ್ಲ ಡಾಕ್ಟ್ರೇ. ನಾನು ಬರೀ ಓದ್ತೀನಿ.”

“ಏನನ್ನ?”

ಡಾಕ್ಟ್ರಮ್ಮನ ಬೆರಳಿನ ಕೆಳಗೆ ಸ್ನಾಯು ತಾನೇ ಬಿಗಿಯಿತು. “ಗೊತ್ತಾಯ್ತು ಬಿಡಿ,” ಎಂದು ಅವರು ನಕ್ಕರು. “ಹೆಚ್ಚಿನವರಿಗೆ ಇದು ಕೊಯ್ಯದೇನೇ ವಾಸಿಯಾಗತ್ತೆ. ಆದ್ರೆ ಕೆಲಸ ನಿಮ್ಮದು, ನಂದಲ್ಲ.”

ಮೆತ್ತಗಿನ ಊಟ. ಗಮ್ಮು ಬಂದ್. ದಿನಕ್ಕೆರಡು ಸಲ ಬಿಸಿನೀರಲ್ಲದ್ದಿದ ಬಟ್ಟೆಯ ಕಾವು. ಗದ್ದಕ್ಕೆ ಕೈ ಕೊಟ್ಟು ಕೂರುವಂತಿಲ್ಲ. ನಾಲಿಗೆಯ ತುದಿಯನ್ನು ಅಂಗುಳಕ್ಕೆ ತಾಗಿಸಿ, ಕನ್ನಡಿಯ ಮುಂದೆ ದವಡೆಯನ್ನು ನೆಟ್ಟಗೆ ಇಳಿಸುವ ಅಭ್ಯಾಸ. ಮಲಗುವಾಗ ಹಲ್ಲಿಗೆ ಒಂದು ಪಾರದರ್ಶಕ ಕವಚ. ಕೊನೆಯದಾಗಿ, ಅಂಟಿಸುವ ಸಣ್ಣ ಕೆಂಪು ಚುಕ್ಕೆಗಳ ಒಂದು ಹಾಳೆ.

“ಕಣ್ಣಿಗೆ ಬೀಳೋ ಕಡೆಯೆಲ್ಲ ಅಂಟಿಸಿ. ಚುಕ್ಕೆ ಕಂಡಾಗೆಲ್ಲ ನೋಡ್ಕೊಳ್ಳಿ: ಹಲ್ಲಿಗೆ ಹಲ್ಲು ತಾಗಿದ್ಯಾ? ಊಟ ಮಾಡುವಾಗ ಬಿಟ್ರೆ ತಾಗಬಾರ್ದು. ತುಟಿ ಮುಚ್ಚಿರ್ಲಿ, ಹಲ್ಲು ಬಿಟ್ಟಿರ್ಲಿ. ತಾಗಿದ್ರೆ ಬರೆದಿಡಿ. ಎಷ್ಟು ಹೊತ್ತಿಗೆ, ಯಾರಿದ್ರು, ಏನಾಗ್ತಿತ್ತು. ನಾಲ್ಕು ವಾರ ಬಿಟ್ಟು ತನ್ನಿ.”

ಅವಳು ಹೇಳಿದ್ದನ್ನು ಹೇಳಿದಂತೆ ಮಾಡುವವಳು. ಅದೇ ಅವಳ ಕಸುಬು. ಗಡಿಯಾರಕ್ಕೆ, ಅಡುಗೆಮನೆಯ ನಲ್ಲಿಗೆ, ಓದುವ ಮೇಜಿನ ಅಂಚಿಗೆ, ಪೆನ್ಸಿಲಿಗೆ ಚುಕ್ಕೆ ಅಂಟಿಸಿದಳು. ಅತ್ತೆಯ ಕುರ್ಚಿಗೆ ಅಂಟಿಸಿದ್ದನ್ನು ಅತ್ತೆ ನೋಡಿ, “ಇದೇನೇ, ನನಗೆ ದೃಷ್ಟಿ ತೆಗೀತಿದ್ಯಾ?” ಎಂದರು. ಬರೆದಿಡುವುದಕ್ಕೆ ಹಳೆಯ ಕರಡು ಹಾಳೆಗಳ ಬೆನ್ನಿತ್ತು. ಮುದ್ರಣಾಲಯದಲ್ಲಿ ಎಲ್ಲರೂ ಅದರ ಮೇಲೇ ಬರೆಯಬೇಕು. ಮಾಲೀಕರು ಆತ್ಮಕತೆ ಬರೆಯುತ್ತಿದ್ದದ್ದೂ ಅದರ ಮೇಲೇ. ಕಾಗದ ಹಾಳಾಗಬಾರದು ಎಂಬುದು ಅವರ ನಿಯಮ. ಆ ಕಾಗದದ ಮೇಲೆ ಏನು ಬರೆಯಬೇಕು ಎಂಬುದಕ್ಕೆ ನಿಯಮವಿರಲಿಲ್ಲ.

ವಾರಗಳು ಕಳೆದಂತೆ ನೋವು ಒಂದೊಂದು ಹೆಜ್ಜೆ ಹಿಂದೆ ಸರಿಯಿತು. ಬಾಯಿ ಎರಡು ಬೆರಳಗಲ ತೆರೆಯಿತು. ಅಲ್ಲಿಗೆ ನಿಂತುಬಿಟ್ಟಿತು. ಡಾಕ್ಟ್ರಮ್ಮ ಅವಳ ಹಾಳೆಗಳನ್ನು ನೋಡಿ, “ಉಳಿದದ್ದು ಎಲ್ಲಿ ಸಿಕ್ಕಿಕೊಂಡಿದೆ ಅಂತ ಇಲ್ಲೇ ಇದೆ. ಆಪರೇಷನ್ ಬೇಡ ಅಂತ ಹೇಳಿದ್ರಾ ಅವರಿಗೆ?” ಎಂದು ಕೇಳಿದರು. ಅವಳು ಮೂರು ಸಲ ಮಾಲೀಕರ ಕೋಣೆಯ ಬಾಗಿಲವರೆಗೆ ಹೋಗಿ ಬಂದಿದ್ದಳು. ಈಗ ಉಳಿದದ್ದು ಎಂಟು ದಿನ.

ಆ ವಾರ ಮಾಲೀಕರು ಕೊನೆಯ ಅಧ್ಯಾಯದ ಕರಡನ್ನು ತಮ್ಮ ಕಿವಿಯಾರೆ ಕೇಳಬೇಕೆಂದು ಪ್ರೂಫ್ ಕೋಣೆಗೆ ಬಂದು, ಕೈ ಕಟ್ಟಿ, ಕಣ್ಣು ಮುಚ್ಚಿ ಕೂತರು. ಅವರ ತಲೆಯ ಮೇಲೆ ಗೋಡೆಯಲ್ಲಿ ಅವರೇ ಬರೆಸಿದ ಬೋರ್ಡು: ‘ಕಾಪಿಯಲ್ಲಿ ಇದ್ದದ್ದನ್ನು ಇದ್ದಂತೆ ಓದಿ. ಸ್ವಂತ ಬುದ್ಧಿ ಬೇಡ.’

ಅವಳು ಓದುತ್ತ ಹೋದಳು. ನಾಲ್ಕನೇ ಹಾಳೆ ಮುಗಿಸಿ ಐದನೆಯದನ್ನು ತಿರುಗಿಸಿದಳು. ಅಕ್ಷರ ತನ್ನದು.

ಏನಾಗಿದೆ ಎಂದು ಅವಳಿಗೆ ಒಂದೇ ಕ್ಷಣದಲ್ಲಿ ಹೊಳೆಯಿತು. ಅಧ್ಯಾಯವನ್ನು ಟೈಪಿಂಗ್ ಕೋಣೆಗೆ ಒಯ್ದು ಕೊಟ್ಟವಳು ತಾನೇ. ಅದರೊಳಗೆ ತನ್ನ ಹಲ್ಲಿನ ದಿನಚರಿಯ ಒಂದು ಹಾಳೆಯೂ ಸೇರಿ ಹೋಗಿದೆ. ಟೈಪ್ ಮಾಡುವಾಕೆಗೆ ಇದು ಬೇರೆಯವರ ಅಕ್ಷರ ಅನಿಸಿರಬಹುದು. ಆದರೆ ಆಕೆಯ ಗೋಡೆಯ ಮೇಲೂ ಅದೇ ಬೋರ್ಡಿತ್ತು. ಮೇಷ್ಟ್ರ ಮುಂದಿನ ಹಾಳೆಯಲ್ಲಿ ಅದೆಲ್ಲ ಅಚ್ಚಾಗಿ, ನೀಟಾಗಿ, ಪುಟಸಂಖ್ಯೆ ಸಮೇತ ಕೂತಿತ್ತು.

“ಯಾಕಮ್ಮ ನಿಲ್ಸಿದೆ? ಓದು,” ಎಂದರು ಮಾಲೀಕರು, ಕಣ್ಣು ತೆರೆಯದೆ.

ಅವಳು ಮೇಷ್ಟ್ರನ್ನು ನೋಡಿದಳು. ಮೇಷ್ಟ್ರು ಅಚ್ಚಿನ ಹಾಳೆ ನೋಡಿದರು, ಬೋರ್ಡು ನೋಡಿದರು, ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೇಳಲು ಕೂತರು. ಮೇಜಿನ ಅಂಚಿನಲ್ಲಿ ಕೆಂಪು ಚುಕ್ಕೆ. ಹಲ್ಲಿಗೆ ಹಲ್ಲು ಕಚ್ಚಿತ್ತು. ಅವಳು ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ, ದವಡೆಯನ್ನು ನಿಧಾನ ಇಳಿಸಿದಳು. ಓದಿದಳು. ಇಪ್ಪತ್ತೆರಡು ವರ್ಷಗಳಿಂದ ಎಲ್ಲರ ಬರಹವನ್ನು ಓದುತ್ತಿದ್ದ ಅದೇ ಏರಿಳಿತವಿಲ್ಲದ ದನಿಯಲ್ಲಿ, ವಿರಾಮಕ್ಕೆ ತಕ್ಕಂತೆ ಪೆನ್ಸಿಲ್ ಕುಟ್ಟುತ್ತ.

“ಸೋಮವಾರ, ಹತ್ತೂ ಇಪ್ಪತ್ತು. ಅಧ್ಯಾಯ ಮೂರು, ಅವರು ತುಂಬಿದ ಹೊಳೆ ಈಜಿದ್ದು. ಹಲ್ಲು ತಾಗಿತ್ತು. ಮಧ್ಯಾಹ್ನ, ಅಧ್ಯಾಯ ಐದು, ಅದೇ ಹೊಳೆ ಮತ್ತೆ ಈಜಿದ್ದು. ಹಲ್ಲು ತಾಗಿತ್ತು, ಕಿವಿಯ ಮುಂದೆ ನೋವು. ಆ ಹೊಳೆಗೆ ಸೇತುವೆ ಇತ್ತೆಂದು ಮೇಷ್ಟ್ರು ಹೇಳಿದರು. ನಗು ಬಂತು, ಬಾಯಿ ತೆರೆಯಲಾಗಲಿಲ್ಲ.”

ಮಾಲೀಕರು ಒಂದು ಕಣ್ಣು ತೆರೆದರು.

“ಮಂಗಳವಾರ. ಅಧ್ಯಾಯ ಏಳು, ಅವರ ವಿನಯದ ಬಗ್ಗೆ ಹದಿನಾಲ್ಕು ಪುಟ. ಮೊದಲ ಪುಟಕ್ಕೆ ಹಲ್ಲು ಬಿಟ್ಟಿತ್ತು, ಎರಡನೆಯದರಿಂದ ಕಚ್ಚಿತ್ತು. ಬುಧವಾರ. ಅವರು ರಜೆ. ಇಡೀ ದಿನ ಹಲ್ಲು ಬಿಟ್ಟಿತ್ತು. ಸಂಜೆ ಬಾಳೆಹಣ್ಣು ಕಚ್ಚಿ ತಿಂದೆ. ಗುರುವಾರ. ಹೊಳೆ.”

ಎರಡೂ ಕಣ್ಣು ತೆರೆದವು.

“ಶನಿವಾರ,” ಎಂದು ಅವಳು ಓದಿದಳು. ಇಲ್ಲಿ ಅವಳ ದನಿ ಸ್ವಲ್ಪ ತಗ್ಗಿತು. ಮೇಷ್ಟ್ರು ಅದನ್ನೂ ಕೇಳಿಸಿಕೊಂಡರು. “ಆಪರೇಷನ್ ಬೇಡ ಎಂದು ಹೇಳಲು ಅವರ ಕೋಣೆಯ ಬಾಗಿಲಿಗೆ ಹೋದೆ. ಹಲ್ಲು ಕಚ್ಚಿಕೊಂಡಿತು. ಚಹಾ ತರಿಸಲೇ ಎಂದು ಕೇಳಿ ವಾಪಸ್ಸು ಬಂದೆ.”

ಪೆನ್ಸಿಲ್ ಎರಡು ಸಲ ಕುಟ್ಟಿತು. ಹಾಳೆ ಮುಗಿದಿತ್ತು.

ಮಾಲೀಕರು ಮೇಷ್ಟ್ರ ಕಡೆ ತಿರುಗಿದರು.

“ಹೊಳೆ ಮೂರು ಸಲ ಬಂದಿದ್ಯಾ?”

“ನಾಲ್ಕು ಸಲ ಸರ್. ನಾಲ್ಕನೇದು ಮುಂದಿನ ಹಾಳೇಲಿದೆ.”

“ಮತ್ತೆ ಯಾರೂ ಯಾಕೆ ಬಾಯಿ ಬಿಡ್ಲಿಲ್ಲ?”

ಮೇಷ್ಟ್ರು ಕೆಂಪು ಪೆನ್ನಿನ ತುದಿಯಿಂದ ಗೋಡೆ ತೋರಿಸಿದರು. ಮಾಲೀಕರು ಕತ್ತು ತಿರುಗಿಸಿ ತಮ್ಮದೇ ಬೋರ್ಡನ್ನು, ಮೊದಲ ಸಲ ನೋಡುವವರಂತೆ, ಅಕ್ಷರ ಅಕ್ಷರ ಓದಿಕೊಂಡರು. ಅವರ ಕೆನ್ನೆಯಲ್ಲಿ ಏನೋ ಗಂಟು ಕಟ್ಟಿ ಆಡುತ್ತಿದ್ದದ್ದು ಅವಳಿಗೆ ಕಂಡಿತು.

“ಸರ್, ನಿಮ್ಮ ಹಲ್ಲು ತಾಗಿದೆ,” ಎಂದಳು. ಅದು ಕಾಪಿಯಲ್ಲಿರಲಿಲ್ಲ.

“ಆಂ?”

“ಊಟದಲ್ಲಿ ಬಿಟ್ರೆ ತಾಗಬಾರ್ದು. ಆಮೇಲೆ, ಸರ್, ನನಗೆ ಆಪರೇಷನ್ ಬೇಡ. ಸರ್ಜನ್‌ಗೆ ನಾನೇ ಫೋನ್ ಮಾಡಿ ಹೇಳ್ತೀನಿ.”

ಮಾತು ಹೊರಬಿದ್ದ ಮೇಲೂ ಅವಳ ಬಾಯಿ ತೆರೆದೇ ಇತ್ತು. ಮಾಲೀಕರು ಎದ್ದರು, ಕೂತರು, ಮತ್ತೆ ಎದ್ದರು. ಬಾಗಿಲಲ್ಲಿ ನಿಂತು, ಗದ್ದ ಸವರಿಕೊಂಡು, ಬಹಳ ಕಷ್ಟಪಟ್ಟು, “ನಿನ್ನ ದವಡೆ, ನಿನ್ನಿಷ್ಟ,” ಎಂದರು. ಹೋದವರು ಒಂದು ನಿಮಿಷದಲ್ಲಿ ಹಿಂದಿರುಗಿ ಬಂದು, ಯಾರ ಮುಖವನ್ನೂ ನೋಡದೆ ಅಂಗೈ ಚಾಚಿದರು.

“ಆ ಚುಕ್ಕೆ ಒಂದೆರಡು ಕೊಡು.”

ಮುಂದಿನ ತಿಂಗಳು ಎರಡನೇ ಕರಡು ಬಂತು. ಹೊಳೆ ಒಂದೇ ಸಲ ಇತ್ತು; ಅದನ್ನೂ ಸೇತುವೆಯ ಮೇಲೆ ನಡೆದು ದಾಟಿದ್ದರು. ಬೋರ್ಡು ಇನ್ನೂ ಗೋಡೆಯ ಮೇಲಿತ್ತು, ‘ಬೇಡ’ ಎಂಬ ಪದದ ಮೇಲೆ ಯಾರೋ ಕೆಂಪು ಚುಕ್ಕೆ ಅಂಟಿಸಿದ್ದರು. ಅವಳು ಅಧ್ಯಾಯ ಏಳಕ್ಕೆ ಬಂದಾಗ ಹಾಳೆಗಳು ಎಣಿಕೆಗಿಂತ ಒಂದು ಹೆಚ್ಚಿದ್ದವು. ವಿನಯದ ಅಧ್ಯಾಯಕ್ಕೆ ಹದಿನೈದನೇ ಪುಟ ಸೇರಿತ್ತು: ಕೈಕೆಳಗಿನವಳೊಬ್ಬಳು ಮುಖಕ್ಕೆ ಹೊಡೆದಂತೆ ಟೀಕಿಸಿದಾಗಲೂ ತಾವು ಹೇಗೆ ಮಂದಹಾಸದಿಂದ ಅದನ್ನು ಸ್ವೀಕರಿಸಿದರು, ಅಷ್ಟು ವಿನಯ ತಮಗೆ ಎಲ್ಲಿಂದ ಬಂತೆಂದು ತಮಗೇ ಹೇಗೆ ಬೆರಗಾಯಿತು ಎಂಬುದು.

ಅವಳು ಪೆನ್ಸಿಲಿನ ಚುಕ್ಕೆ ನೋಡಿಕೊಂಡಳು. ಹಲ್ಲು ಬಿಟ್ಟಿತ್ತು. ‘ಮಂದಹಾಸ’ ಎಂಬಲ್ಲಿಗೆ ಬಂದವಳಿಗೆ ನಗು ತಡೆಯಲಾಗಲಿಲ್ಲ. ಬಾಯಿ ತುಂಬ ನಕ್ಕಳು. ಮೂರು ಬೆರಳು ನಿರಾಯಾಸವಾಗಿ ಹೋಗುವಷ್ಟು ಅಗಲ. ಎಲ್ಲಿಯೂ ನೋಯಲಿಲ್ಲ. ನಗುವಿನ ನಡುವೆ ಬಲಗಿವಿಯ ಮುಂದೆ ಟಕ್ ಎಂದಿತು.

ಮೇಷ್ಟ್ರು ಕೆಂಪು ಪೆನ್ನು ಎತ್ತಿದರು.

“ಅಲ್ಪವಿರಾಮವಾ ತಾಯಿ?”

“ಅಲ್ಲ ಮೇಷ್ಟ್ರೇ. ಅದು ನಂದು.”