ಕಲ್ಲಿನ ಮೇಲಿನ ಇನ್ನೊಂದು ಹೆಸರು

ತನ್ನ ಹೆಸರಿನ ಮೇಲೆ ಒಣಗಿ ಅಂಟಿಕೊಂಡಿದ್ದ ಕಾಗೆಯ ಹಿಕ್ಕೆಯನ್ನು ಅಂಜನಾ ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ಮೊದಲ ಅಕ್ಷರದ ಮೇಲಿನದು ಬಿಟ್ಟುಕೊಟ್ಟಿತು. ಎರಡನೆಯದರ ಸುಳಿಯೊಳಗೆ ಸಿಕ್ಕಿದ್ದು ಮಾತ್ರ ಜಪ್ಪಯ್ಯ ಅಂದರೂ ಏಳಲಿಲ್ಲ. ಕೊಡ ಹಿಡಿದು ನಿಂತಿದ್ದ ಅತ್ತೆ ಶಂಕ್ರೆವ್ವ ಅದರ ಮೇಲೆ ನೀರು ಸುರಿದಳು.

“ಜರಾ ಒತ್ತಿ ತಿಕ್ಕ ಬೇ. ನಾಳೆ ಈಸ್ಟರ್ ಐತಿ, ಚರ್ಚಿನ ಸಭಾದ ಮಂದಿ ಎಲ್ಲಾ ಬರ್ತಾರ. ಹೊಲಸ ಇಟ್ಟಾರ ಅಂತ ಆಡ್ಕೊಂಡಾರು.”

“ನನ್ನ ಸಮಾಧಿ ನಾನs ತೊಳಿಯಾಕತ್ತೇನಿ ನೋಡ್ರಿ ಅತ್ತಿ,” ಎಂದಳು ಅಂಜನಾ. ನಗಲು ನೋಡಿದಳು, ನಗು ಬರಲಿಲ್ಲ.

ಜಮಖಂಡಿಯಿಂದ ಹುನ್ನೂರಿಗೆ ಹೋಗುವ ರಸ್ತೆಯ ಮಗ್ಗುಲಿಗೆ ಕ್ರೈಸ್ತರ ಸ್ಮಶಾನವಿದೆ. ಅಲ್ಲಿರುವ ಕಲ್ಲುಗಳಲ್ಲಿ ಇನ್ನೂ ಬದುಕಿರುವವರ ಹೆಸರು ಇರುವುದು ಅಂಜನಾಳ ಗಂಡ ಅಮೋಲನ ಕಲ್ಲಿನ ಮೇಲೆ ಮಾತ್ರ. ಎಡಕ್ಕೆ ಅಮೋಲ, ಹುಟ್ಟಿದ ವರ್ಷ, ತೀರಿದ ವರ್ಷ. ಬಲಕ್ಕೆ ಅಂಜನಾ ಅಮೋಲ, ಹುಟ್ಟಿದ ವರ್ಷ, ಒಂದು ಗೀಟು. ಗೀಟಿನ ಮುಂದೆ ಬರೀ ಕಲ್ಲು. ನಾಲ್ಕು ವರ್ಷದ ಹಿಂದೆ ಮಗ ಎದೆನೋವಿನಿಂದ ತೀರಿಕೊಂಡಾಗ ಶಂಕ್ರೆವ್ವ ಹೀಗೆಯೇ ಕೆತ್ತಬೇಕೆಂದು ಹಟ ಹಿಡಿದಿದ್ದಳು. ಕಲ್ಲು ಕೆತ್ತುವ ಮಹಾಲಿಂಗ, “ಬದುಕಿದ್ದವರ ಹೆಸರ ಕೆತ್ತಬಾರದ್ರಿ ಸಿಸ್ಟರ್, ಛಲೋ ಅಲ್ಲ,” ಎಂದು ಉಳಿಯನ್ನು ಕೆಳಗಿಟ್ಟು ಕೂತಿದ್ದ. ದವಾಖಾನೆಯಲ್ಲಿ ನರ್ಸ್ ಆಗಿ ನಿವೃತ್ತಿಯಾಗುವವರೆಗೂ ಡಾಕ್ಟರುಗಳನ್ನೇ ಗದರಿಸಿಕೊಂಡು ಬಂದವಳ ಮುಂದೆ ಅವನ ಮಾತು ಎಲ್ಲಿ ನಡೆಯಬೇಕು? ಅಂಜನಾಳಿಗಂತೂ ಆಗ ಯಾರು ಏನು ಕೆತ್ತುತ್ತಿದ್ದಾರೆ ಎಂಬುದರ ಪರಿವೆಯೇ ಇರಲಿಲ್ಲ. ಪರಿವೆ ಬಂದಾಗ ಕಲ್ಲು ನಿಂತಿತ್ತು.

ಶಂಕ್ರೆವ್ವನ ಲೆಕ್ಕ ಸರಳವಾಗಿತ್ತು. ಕಡೆಯ ದಿನ ತುತ್ತೂರಿ ಮೊಳಗುತ್ತದೆ, ಮಣ್ಣಿನೊಳಗಿದ್ದವರೆಲ್ಲ ಏಳುತ್ತಾರೆ. ಆಗ ಗಂಡ ಹೆಂಡತಿ ಮಗ್ಗುಲು ಮಗ್ಗುಲಿಗೇ ಏಳಬೇಕು. ಅಮೋಲನಿಗೆ ಕಣ್ಣೆದುರಿಗಿದ್ದ ಕಾಲುಚೀಲ ಸಿಗುತ್ತಿರಲಿಲ್ಲ. ಬನಹಟ್ಟಿಗೆ ಕೆಲಸಕ್ಕೆ ಹೊರಟಾಗ ಬೈಕಿನ ಕೀಲಿಯನ್ನು ಹೆಂಡತಿಯೇ ಕೈಗೆ ಕೊಡಬೇಕು. ಅಂಥವನು ಅಷ್ಟು ಮಂದಿಯೊಳಗೆ ಯಾರನ್ನು ಹುಡುಕಿಯಾನು ಎಂಬುದೇ ತಾಯಿಯ ಚಿಂತೆ.

ಅಂಜನಾ ನಾರನ್ನು ಬಕೀಟಿನಲ್ಲಿ ಅದ್ದಿ ಹಿಂಡಿದಳು. ಹೇಳಬೇಕೆಂದು ವಾರದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತು ಇಲ್ಲಿಯೇ, ಈ ಕಲ್ಲಿನ ಮುಂದೆಯೇ ಹೊರಗೆ ಬಂತು.

“ಅತ್ತಿ, ಮುಧೋಳದಿಂದ ನಮ್ಮ ಸುವರ್ಣಾ ಅಕ್ಕ ಮತ್ತ ಫೋನ್ ಮಾಡಿದ್ಳು. ಆ ಬ್ಯಾಂಕಿನ ಯುವರಾಜ ಅವರು ಮದುವಿ ವಿಷಯ ಈಸ್ಟರ್ ಆದ ಮ್ಯಾಲ ಒಂದ ಮಾತ ಹೇಳ್ರಿ ಅಂದಾರಂತ. ಅವರೂ ಹೆಂಡತೀನ ಕಳಕೊಂಡವರು. ನನಗೂ ಒಪ್ಪಿಗಿ ಐತ್ರಿ. ಖರೆ, ನೀವು ಹೂಂ ಅನ್ನದ ನಾ ಒಂದ ಹೆಜ್ಜಿ ಇಡಾಂಗಿಲ್ಲ.”

ಶಂಕ್ರೆವ್ವ ಕೊಡವನ್ನು ನೆಲಕ್ಕಿಟ್ಟಳು. ಸಿಟ್ಟು ಬರುತ್ತದೆಂದು ಅಂಜನಾ ಕಾದಳು. ಅದು ಬಂದಿದ್ದರೆ ಸುಲಭವಿತ್ತು.

“ಅವಾ ಎದ್ದಾಗ ನನ್ನ ಕೇಳ್ತಾನ, ಅವ್ವಾ, ಅಂಜು ಎಲ್ಲಿ ಅಂತ. ನಾ ಏನ್ ಹೇಳ್ಲಿ?”

ಪಕ್ಕದ ಹೊಲದ ಪದ್ಮವ್ವ ಬದುವಿನ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಸ್ಮಶಾನಕ್ಕೆ ನೀರು ಬರುವುದು ಅವಳ ಮೋಟರಿನಿಂದಲೇ. ಹಾಗಾಗಿ ಅಲ್ಲಿನ ಸುಖದುಃಖದಲ್ಲಿ ತನಗೂ ಒಂದು ಪಾಲಿದೆ ಎಂದು ಅವಳು ತಿಳಿದಿದ್ದಳು.

“ನಮ್ಮಾಗ ಉಡಕಿ ಮಾಡಿ ಕಳಸ್ತಾರ ಬೇ ಶಂಕ್ರೆವ್ವ,” ಎಂದಳು. “ಗಂಡ ಸತ್ತಾಕಿಗೆ ಹೊಸ ಸೀರಿ ಉಡಸಿ ಇನ್ನೊಂದ ಮನಿಗೆ ಕೊಡ್ತಾರ. ನಮ್ಮ ಬೀರಪ್ಪ ಏನೂ ಅಂದಿಲ್ಲ. ನಿಮ್ಮ ದೇವರು ಏನಂತಾನ ಕೇಳಿ ನೋಡು.”

“ನಿನ್ನ ಮೋಟರ್ ಬಂದ್ ಮಾಡ್ ಹೋಗು, ನೀರು ಸಾಕು,” ಎಂದಳು ಶಂಕ್ರೆವ್ವ. ಆದರೆ ಸಂಜೆ ಮನೆಗೆ ಬಂದವಳು ಸೀರೆ ಬದಲಿಸಿ, ಸೊಸೆಗೆ ಏನೂ ಹೇಳದೆ ಚರ್ಚಿನ ಪಕ್ಕದ ಪಾಸ್ಟರ ಮನೆಗೆ ನಡೆದಳು.

ಚಿಕ್ಕ ವಯಸ್ಸಿನ ಪಾಸ್ಟರ್ ಶಿವಾಜಿ ಈ ಊರಿಗೆ ಬಂದು ಇನ್ನೂ ಬಹಳ ದಿನವಾಗಿರಲಿಲ್ಲ. ಅವರಿಗಿಂತ ಮೊದಲಿದ್ದ ಪಾಸ್ಟರು ಎರಡು ತಲೆಮಾರಿಗೆ ಮದುವೆ ಮಾಡಿಸಿ, ಮಣ್ಣು ಮಾಡಿಸಿ ಹೋದವರು. ಇವರಿಗೆ ಇನ್ನೂ ಯಾವ ಮನೆ ಯಾರದು ಎಂಬುದೇ ಹಿಡಿತಕ್ಕೆ ಸಿಕ್ಕಿರಲಿಲ್ಲ. ಅಂಜನಾಳನ್ನು ಊರೆಲ್ಲ ಟೀಚರ್ ಎನ್ನುವುದರಿಂದ ಇವರಿಗೂ ಅವಳು ಟೀಚರ್ ಅಷ್ಟೇ. ಅವಳ ಹೆಸರೇನು ಎಂದು ಕೇಳುವ ಪ್ರಸಂಗ ಬಂದಿರಲಿಲ್ಲ.

ಶಂಕ್ರೆವ್ವ ಯಾರದೋ ಮಾತೆಂಬಂತೆ ಕೇಳಿದಳು. “ಒಬ್ಬಾಕಿಗೆ ಮೊದಲನೇ ಗಂಡ ತೀರ್ಕೊಂಡ. ಆಮ್ಯಾಗ ಆಕಿ ಇನ್ನೊಂದ ಮದುವಿ ಆದ್ಲು. ಕಡೀ ದಿನ ಎಲ್ಲಾರೂ ಎದ್ದಾಗ ಆಕಿ ಯಾರ ಹೆಂಡತಿರಿ ಅಯ್ಯನವರs?”

ಪಾಸ್ಟರಿಗೆ ಗೆಲುವಾಯಿತು. ಅವರು ಓದಿಕೊಂಡಿದ್ದ ಪ್ರಶ್ನೆಯೇ ಬಂದಿತ್ತು. “ಯೇಸುಸ್ವಾಮಿಗೂ ಇದನ್ನs ಕೇಳಿದ್ರು ನೋಡ್ರಿ ಅಮ್ಮಾ. ಎದ್ದವರೊಳಗ ಮದುವಿ ಅನ್ನೂದು ಇರೂದಿಲ್ಲ, ದೇವದೂತರ ಗತೆ ಇರ್ತಾರ ಅಂತ ಹೇಳ್ಯಾನ.”

“ಮದುವಿ ಇರೂದಿಲ್ಲ.”

“ಇಲ್ರಿ.”

“ಹಂಗಾರ ತಾಯಿ ಅನ್ನೂದು?” ಶಂಕ್ರೆವ್ವನ ದನಿ ಸಣ್ಣದಾಯಿತು. “ಅವಾ ಎದ್ದು ನನಗ ಅವ್ವಾ ಅನ್ನಾಂಗಿಲ್ಲೇನ್ರಿ?”

ಒಳಗೆ ಪಾಸ್ಟರ ಹೆಂಡತಿ ನಾಳೆಯ ಚಹಾಕ್ಕೆ ಲೋಟ ತೊಳೆಯುತ್ತಿದ್ದ ಸದ್ದು ಕೇಳಿಸುತ್ತಿತ್ತು. ಹುಡುಗ ಒಳ್ಳೆಯವನು, ಇಲ್ಲದ ಉತ್ತರವನ್ನು ಹುಟ್ಟಿಸಲು ಹೋಗಲಿಲ್ಲ.

“ಅದು ನನಗ ಗೊತ್ತಿಲ್ರಿ ಅಮ್ಮಾ. ನಾ ಇನ್ನಾ ನನ್ನವರನ್ನ ಯಾರನ್ನೂ ಮಣ್ಣ ಮಾಡಿಲ್ಲ.” ಸ್ವಲ್ಪ ತಡೆದು ಸೇರಿಸಿದರು. “ಖರೆ, ಏಳೂದು ಅಂದ್ರ ಬರೇ ಸತ್ತ ಮ್ಯಾಲಿನ ಮಾತು ಅಂತ ನನಗ ಅನಸೂದಿಲ್ಲ. ಇದ್ದಾಗನs ಸತ್ತಂಗ ಇರ್ತಾರಲ್ಲ ಮಂದಿ, ಅವರೂ ಏಳಬೇಕಲ್ರಿ?”

“ಪ್ರಸಂಗ ನಾಳೆ ಸಭಾದಾಗ ಮಾಡ್ರಿ,” ಎಂದು ಶಂಕ್ರೆವ್ವ ಎದ್ದಳು. ದಾರಿಯುದ್ದಕ್ಕೂ ಅವಳಿಗೆ ಆ ಹುಡುಗನ ಮೇಲೆ ಸಿಟ್ಟಿತ್ತು. ಮನೆ ಮುಟ್ಟುವ ಹೊತ್ತಿಗೆ ಸಿಟ್ಟು ಇಳಿದು ಬರೀ ಸಂಕಟ ಉಳಿದಿತ್ತು. ಅಂಜನಾ ಬಡಿಸಿದಳು, ಇವಳು ಉಂಡಳು.

ಮರುದಿನ ನಸುಕಿನಲ್ಲಿ ಸಭೆಯವರು ಸ್ಮಶಾನದಲ್ಲಿ ಸೇರಿದರು. ಸುಣ್ಣ ಬಳಿದ ಕಟ್ಟೆಗಳ ಮೇಲೆ ಮೇಣದಬತ್ತಿ ಹಚ್ಚಿದ್ದರು, ಚೆಂಡುಹೂ ಇಟ್ಟಿದ್ದರು. ಈ ಸಭೆಯಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿಯಿದೆ. ಈಸ್ಟರ್ ಬೆಳಿಗ್ಗೆ ಪಾಸ್ಟರು ಒಂದೊಂದೇ ಕಲ್ಲಿನ ಮುಂದೆ ನಿಂತು ಅದರ ಮೇಲಿನ ಹೆಸರನ್ನು ಗಟ್ಟಿಯಾಗಿ ಕೂಗುತ್ತಾರೆ. ಸತ್ತವರ ಮನೆಯವರು “ಏಳ್ತಾನ” ಎಂದೋ “ಏಳ್ತಾಳ” ಎಂದೋ ಉತ್ತರ ಕೊಡಬೇಕು. ಮನೆಯವರು ಯಾರೂ ಉಳಿದಿರದಿದ್ದರೆ ಇಡೀ ಸಭೆ ಒಂದೇ ದನಿಯಲ್ಲಿ ಉತ್ತರಿಸುತ್ತದೆ. ಸತ್ತವರಿಗೆ ತಮ್ಮವರು ಅಂತ ಯಾರೂ ಇಲ್ಲ ಎನ್ನುವಂತಾಗಬಾರದೆಂದು ಹಿರಿಯರು ಮಾಡಿಟ್ಟದ್ದು.

ಹಳೆಯ ಪಾಸ್ಟರು ಅಮೋಲನ ಕಲ್ಲಿನ ಮುಂದೆ ಬಂದಾಗ ಒಂದೇ ಹೆಸರು ಕೂಗಿ ಮುಂದೆ ಹೋಗುತ್ತಿದ್ದರು. ಅದನ್ನು ಹೊಸಬರಿಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಪಾಸ್ಟರ್ ಶಿವಾಜಿ ಮೊಬೈಲಿನ ಬೆಳಕನ್ನು ಕಲ್ಲಿನ ಮೇಲೆ ಹಿಡಿದರು.

“ಅಮೋಲ!”

“ಏಳ್ತಾನ,” ಎಂದಳು ಶಂಕ್ರೆವ್ವ.

ಬೆಳಕು ಬಲಕ್ಕೆ ಸರಿದು ಹೆಸರಿನ ಮೇಲಷ್ಟೇ ನಿಂತಿತು. “ಅಂಜನಾ ಅಮೋಲ!”

ಮುಂದೆ ನಿಂತವರು ಮುಖ ಮುಖ ನೋಡಿಕೊಂಡರು. ಅಂಜನಾ ಅತ್ತೆಯ ಮಗ್ಗುಲಿಗೆ, ಕೈಯಲ್ಲಿ ಮೇಣದಬತ್ತಿ ಹಿಡಿದು ನಿಂತಿದ್ದಳು. ಬಿಸಿ ಮೇಣ ಬೆರಳಿನ ಮೇಲೆ ಹರಿದರೂ ಕೈ ಕದಲಿಸಲಿಲ್ಲ. ಶಾಲೆಯಲ್ಲಿ ದಿನವೂ ಹಾಜರಿ ಕೂಗುವವಳಿಗೆ ತನ್ನ ಹೆಸರು ಬಂದಾಗ ಏನನ್ನಬೇಕೆಂದು ತಿಳಿಯಲಿಲ್ಲ. ಪಾಪ, ಈ ಹೆಣ್ಣುಮಗಳ ಪರವಾಗಿ ಉತ್ತರ ಕೊಡುವವರು ಯಾರೂ ಇಲ್ಲ ಎಂದುಕೊಂಡ ಪಾಸ್ಟರು ಸಭೆಯ ಕಡೆ ತಿರುಗಿ ಕೈ ಎತ್ತಿದರು. ಇನ್ನೊಮ್ಮೆ, ಇನ್ನಷ್ಟು ಕರುಣೆಯಿಂದ ಕೂಗಿದರು. “ಅಂಜನಾ!”

ದೂರ ನಿಂತು ಹೆಸರು ಸರಿಯಾಗಿ ಕೇಳಿಸಿಕೊಳ್ಳದವರು ಕೈ ಎತ್ತಿದ್ದನ್ನಷ್ಟೇ ಕಂಡರು. ರೂಢಿಯಂತೆ ಬಾಯಿ ತೆರೆದರು. “ಏಳ್ತಾಳ,” ಎಂಬ ದನಿ ಹಿಂದಿನಿಂದ ಎದ್ದು ಮುಂದೆ ಬರತೊಡಗಿತು.

“ಏ, ಸುಮ್ಮಿರ್ರೀ!” ಶಂಕ್ರೆವ್ವ ಚೀರಿದಳು. “ಆಕಿ ಸತ್ತಿಲ್ಲ! ಜೀವಂತ ಅದಾಳ ಆಕಿ! ಇಲ್ಲೆ ನಿಂತಾಳ ನೋಡ್ರಿ, ಇಲ್ಲೆ!”

ಸೊಸೆಯ ಮುಂಗೈಯನ್ನು ಹಿಡಿದು ಎಲ್ಲರಿಗೂ ಕಾಣುವಂತೆ ಎತ್ತಿದಳು. ಮೇಣದಬತ್ತಿ ಕೆಳಗೆ ಬಿತ್ತು. “ನಾಡಿ ನೋಡ್ರಿ ಬೇಕಾದ್ರ! ಬಿಸಿ ಮೈ ಐತಿ, ಉಸರ ಆಡಾಕತ್ತಾಳ. ಬದುಕಿದ್ದಾಕಿನ ಸತ್ತವರೊಳಗ ಯಾಕ ಎಣಸ್ತೀರಿ?”

ಹಿಂದಿನಿಂದ ಬರುತ್ತಿದ್ದ ದನಿ ಅರ್ಧಕ್ಕೇ ನಿಂತಿತು. ತಾನು ಕೂಗಿದ್ದು ಶಂಕ್ರೆವ್ವನ ಕಿವಿಗೇ ಬಂದು ಬಿತ್ತು. ಕಲ್ಲಿನ ಕಡೆ ನೋಡಿದಳು. ಸೊಸೆಯ ಕಡೆ ನೋಡಿದಳು. ನಾಲ್ಕು ವರ್ಷದಿಂದ ಅಳುವುದನ್ನೂ ಮೆತ್ತಗೆ, ಅತ್ತೆಗೆ ಕೇಳಿಸದಂತೆ ಅಳುತ್ತಿದ್ದ ಅಂಜನಾ ಈಗ ಮಂದಿಯ ನಡುವೆ ಬಾಯಿಬಿಟ್ಟು ಅತ್ತಳು.

ಪಾಸ್ಟರ ಮುಖ ಸುಣ್ಣದಂತಾಗಿತ್ತು. “ತಪ್ಪಾತ್ರಿ ಅಮ್ಮಾ, ಟೀಚರ್, ನನಗ ಗೊತ್ತಿರಲಿಲ್ಲ…” ಎಂದರು.

“ನಿಮ್ಮ ತಪ್ಪಲ್ರಿ,” ಎಂದಳು ಶಂಕ್ರೆವ್ವ. “ಕಲ್ಲಿನ ಮ್ಯಾಲ ಇದ್ದದ್ದನ್ನ ಓದೀರಿ. ಮುಂದ ನಡೀರಿ.”

ಪಾಸ್ಟರು ಮುಂದಿನ ಕಲ್ಲಿಗೆ ಹೋದರು. ಹೆಸರುಗಳು ಮುಗಿಯುವವರೆಗೂ, ಹಾಡು ಹೇಳುವಾಗಲೂ, ಆಮೇಲೆ ಚಹಾ ಕುಡಿಯುವಾಗಲೂ ಶಂಕ್ರೆವ್ವ ಆ ಮುಂಗೈಯನ್ನು ಬಿಡಲಿಲ್ಲ. ಎಡಗೈಯಲ್ಲೇ ಲೋಟ ಹಿಡಿದು ಕುಡಿದಳು. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಒಂದೇ ಮಾತು ಹೇಳಿದಳು.

“ಸುವರ್ಣಾಗ ಫೋನ್ ಹಚ್ಚು. ನಾ ಮಾತಾಡ್ತೇನಿ.”

ಬುಧವಾರ ಮಹಾಲಿಂಗ ಕಲ್ಲು ಉಜ್ಜುವ ಮಶೀನು ತಂದ. ಪದ್ಮವ್ವನ ಮೋಟರಿನ ಶೆಡ್ಡಿನಿಂದ ವೈರು ಎಳೆದು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತ.

“ನಾ ಅವತ್ತs ಹೇಳಿದ್ನೆಲ್ರಿ ಸಿಸ್ಟರ್…”

“ಹೇಳಿದ್ದಿ ಬಿಡಪಾ. ಈಗ ಕೆಲಸ ನೋಡು.”

“ಅಕ್ಷರ ಹೋಗ್ತಾವ್ರಿ. ಖರೆ, ಅಲ್ಲೆ ಒಂದ ತಗ್ಗು ಉಳೀತೈತಿ. ಕಾಣಸ್ತೈತಿ.”

“ಉಳೀಲಿ. ಯಾರಾದ್ರೂ ಕೇಳಿದ್ರ ನಾ ಹೇಳ್ತೇನಿ. ಅಮೋಲನೂ ಕೇಳಿದ್ರ ಹೇಳ್ತೇನಿ. ಅವಾ ನನ್ನ ಮಾತ ಎಂದೂ ತಗದ ಹಾಕಿಲ್ಲ,” ಎಂದಳು ಶಂಕ್ರೆವ್ವ. ಮಗನ ಹೆಸರಿನ ಮೇಲೆ ಒಮ್ಮೆ ಕೈಯಾಡಿಸಿ ಹಿಂದೆ ಸರಿದಳು.

ಮಶೀನು ಕಿರುಚಿತು. ಕಲ್ಲಿನಿಂದ ಬೂದಿ ಬಣ್ಣದ ಹುಡಿ ಎದ್ದು ಗಾಳಿಗೆ ಹರಡಿತು. ದೂರ ನಿಲ್ಲಿರಿ ಎಂದು ಮಹಾಲಿಂಗ ಕೈ ಮಾಡಿದರೂ ಅಂಜನಾ ಅಲ್ಲಿಯೇ ನಿಂತು ಒಂದೊಂದು ಅಕ್ಷರ ಹೋಗುವುದನ್ನು ನೋಡಿದಳು. ಮಶೀನು ನಿಂತಾಗ ಅವಳ ತಲೆ, ಹುಬ್ಬು, ಕೆನ್ನೆಗೆಲ್ಲ ಹುಡಿ ಮೆತ್ತಿತ್ತು.

“ಇದs ಮಾರಿ ತಗೊಂಡ ಮುಧೋಳದವರ ಮುಂದ ಹೋಗಾಕಿ ಏನು? ಬಾ ಇಲ್ಲೆ,” ಎಂದು ಶಂಕ್ರೆವ್ವ ಗದರಿದಳು.

ಸೆರಗಿನ ತುದಿಯನ್ನು ನಾಲಗೆಗೆ ತಾಗಿಸಿ ಒದ್ದೆ ಮಾಡಿಕೊಂಡಳು. ಅಂಜನಾ ಕಣ್ಣು ಮುಚ್ಚಿ, ಮುಖ ಮುಂದೆ ಮಾಡಿ ನಿಂತಳು. ಶಂಕ್ರೆವ್ವ ಮೊದಲು ರೆಪ್ಪೆಗಳನ್ನು ಒರೆಸಿದಳು.