ಎಣ್ಣೆ ಕಾಣದ ಬಂದೂಕು

“ಏನ್ಲೇ ಚಿತ್ತಾ, ನೀನು ಬಸ್ರಾಕ್ಕ ಹೋಗಿದ್ದು ಯುದ್ಧ ಮಾಡಾಕೋ, ಬಾಣಂತೇರಿಗೆ ಎಣ್ಣಿ ತಿಕ್ಕಾಕೋ?”

ಊರ ಆಡಳಿತ ನೋಡುವ ಮುನಸಬು ಪಂಚಾಕ್ಷರಯ್ಯ ಇಷ್ಟು ಕೇಳಿದ್ದೇ ತಡ, ಚಾವಡಿ ಕಟ್ಟೆ ತುಂಬ ಕೂತಿದ್ದ ಜನ ಘೊಳ್ಳೆಂದು ನಕ್ಕರು. “ನಮ್ಮೂರಿಗೂ ಒಬ್ಬ ಗಂಡು ಸೂಲಗಿತ್ತಿ ಸಿಕ್ಕನಲ್ರಪ್ಪಾ” ಎಂದ ಒಬ್ಬ. “ನನ್ನ ಎಮ್ಮಿಗೆ ದಿನ ತುಂಬ್ಯಾವ, ಬಂದು ಹೊಟ್ಟಿ ಮುಟ್ಟಿ ನೋಡೋ” ಎಂದ ಇನ್ನೊಬ್ಬ.

ಚಿತ್ತಪ್ಪನ ಕಿವಿ ಕಾದ ಹಂಚಿನಂತಾದವು. ಅವನು ಕೇಳಿದ್ದು ಏನು ಮಹಾ? ನಾಳೆ ಕರಡಿಯ ಮೇಲೆ ಹೋಗುವ ಮುಂಚೆ ಮುನಸಬರ ರೈಫಲ್ಲನ್ನು ಒಮ್ಮೆ ಬಿಚ್ಚಿ, ನಳಿಗೆಯೊಳಗೆ ಬಟ್ಟೆ ಎಳೆದು, ಬೋಲ್ಟಿಗೆ ಎರಡು ಹನಿ ಎಣ್ಣೆ ಬಿಡೋಣ ಎಂದಿದ್ದ. ದಂಡಿನಲ್ಲಿ ಇದ್ದಷ್ಟು ದಿನವೂ ಹಲ್ಲುಜ್ಜುವ ಮುಂಚೆ ಮಾಡುತ್ತಿದ್ದ ಕೆಲಸ ಅದು. ಬಸ್ರಾದ ಧೂಳಿನಲ್ಲಿ ಒಂದು ದಿನ ಮೈಮರೆತ ಗೆಳೆಯನ ಬಂದೂಕು ಕೈಕೊಟ್ಟಿದ್ದನ್ನೂ, ಆಮೇಲೆ ಆ ಗೆಳೆಯನನ್ನು ಅದೇ ಧೂಳಿನಲ್ಲಿ ಹೂಳಿದ್ದನ್ನೂ ಅವನು ಕಣ್ಣಾರೆ ಕಂಡಿದ್ದ. ಅದನ್ನೆಲ್ಲ ಈ ಕಟ್ಟೆಯ ಮೇಲೆ ಹೇಳಿ ಏನು ಫಲ?

ರಾಯದುರ್ಗದ ಗುಡ್ಡಸಾಲಿನಲ್ಲಿ ಸೀತಾಫಲ ಹಣ್ಣಾಗುವ ಕಾಲ. ಹಣ್ಣಿನ ಹಿಂದೆ ಕರಡಿಯೂ ಇಳಿದಿತ್ತು. ಹಣ್ಣಿಗೆ ಹೋದ ಸಣ್ಣಕ್ಕನ ಬೆನ್ನು ಸೀಳಿದ ಮೇಲೆ ಊರಿನಲ್ಲಿ ಒಬ್ಬರೂ ಗುಡ್ಡದ ಕಡೆ ಮುಖ ಮಾಡುತ್ತಿರಲಿಲ್ಲ. ಅದು ಇರುವ ಗವಿ ಗೊತ್ತಿದ್ದವನು ಒಬ್ಬನೇ, ಜೇನು ಕೊಯ್ಯುವ ಬೊಮ್ಮಣ್ಣ, ಚಿತ್ತಪ್ಪನ ಒಡಹುಟ್ಟಿದ ಅಣ್ಣ. ಮುನಸಬರ ಲೆಕ್ಕ ಸುಲಭವಾಗಿತ್ತು. ಬೊಮ್ಮಣ್ಣ ಗವಿಯ ಬಾಯಿಗೆ ಹೊಗೆ ಹಾಕಬೇಕು. ಕರಡಿ ಹೊರಗೆ ಬರಬೇಕು. ಎದುರು ಬಂಡೆಯ ಮೇಲೆ ನಿಂತ ಮುನಸಬರು ಹೊಡೆಯಬೇಕು. ಕರಡಿಗೂ ಬಂದೂಕಿಗೂ ನಡುವೆ ಬರಿಗೈಯಲ್ಲಿ ನಿಲ್ಲುವವನು ಬೊಮ್ಮಣ್ಣ.

ಆ ಬಂದೂಕಾದರೂ ಎಂಥದ್ದು! ಯಾವನೋ ಬಿಳಿಯ ದೊರೆ ಪಂಚಾಕ್ಷರಯ್ಯನ ಅಪ್ಪನಿಗೆ ಮೆಚ್ಚಿ ಕೊಟ್ಟದ್ದು. ಮಾಂಸ ಮುಟ್ಟದ ಮನೆ, ಬೇಟೆ ಅರಿಯದ ಮನೆ. ಬಂದೂಕು ದೇವರ ಕೋಣೆ ಸೇರಿತು. ದೊರೆ ಅದರ ಜೊತೆಗೆ ಕೊಟ್ಟಿದ್ದ ಎಣ್ಣೆಯ ಡಬ್ಬಿಯನ್ನು ಹಿರಿಯರು ಮೂಸಿ ನೋಡಿ, ದನದ ಕೊಬ್ಬಿನ ವಾಸನೆ ಎಂದು ತಿಪ್ಪೆಗೆ ಎಸೆಸಿದರು. ಅಂದಿನಿಂದ ಅದಕ್ಕೆ ವಿಭೂತಿ, ಅರಿಶಿನ, ಕುಂಕುಮ, ತೆಂಗಿನ ನೀರು, ಇಷ್ಟೇ. ವರ್ಷಕ್ಕೊಮ್ಮೆ ದಸರೆಯ ಆಯುಧಪೂಜೆಗೆ ಮೂರು ಗುಂಡು ಹಾರುತ್ತಿತ್ತು. ಹಾರುತ್ತಿತ್ತು ಎನ್ನುವುದೇ ಆ ಮನೆಯ ಹೆಮ್ಮೆ.

“ನಮ್ಮಪ್ಪನ ಕಾಲದಿಂದ ಒಂದು ಹನಿ ಎಣ್ಣಿ ಕಂಡಿಲ್ಲಲೇ ಅದು,” ಮುನಸಬರು ತೊಡೆ ತಟ್ಟಿದರು. “ಒಂದು ವರ್ಷಾನೂ ಹುಸಿ ಹೋಗಿಲ್ಲ. ಹುಲಿಗೆ ಯಾರಾನ ಎಣ್ಣಿ ಹಚ್ತಾರೇನು? ಬೇಡರ ಮನ್ಯಾಗ ಹುಟ್ಟಿ ಬಂದೂಕಕ್ಕ ಅಂಜ್ತಿಯಲ್ಲೋ!”

ಆಗ ಚಿತ್ತಪ್ಪನ ನಾಲಿಗೆ ಕೈಮೀರಿತು.

“ಅಯ್ಯನೋರ, ಊರೆಲ್ಲ ಕೇಳ್ಲಿ. ಆ ಬಂದೂಕ ನಾಳೆ ಹಾರಂಗಿಲ್ಲರಿ. ಹಾರಿದ್ರ ನನ್ನ ಮೀಸಿ ಬೋಳಿಸ್ತೀನಿ.”

ನಗು ನಿಂತಿತು. ಮುನಸಬರು ಎಲೆಅಡಿಕೆ ಚೀಲದ ದಾರ ಬಿಗಿದು, “ಹಜಾಮಗ ಹೇಳಿ ಕಳಸ್ರಿ” ಎಂದು ಎದ್ದರು.

ಮನೆಯಲ್ಲಿ ಬೊಮ್ಮಣ್ಣ ಒಣ ಬೇವಿನ ಸೊಪ್ಪು, ಹಳೆ ಗೋಣಿ ಸೇರಿಸಿ ಹೊಗೆಯ ಕಟ್ಟು ಕಟ್ಟುತ್ತಿದ್ದ. ಚಿತ್ತಪ್ಪ ಬಾಗಿಲಲ್ಲೇ ನಿಂತು, “ನಾಳೆ ಹೋಗಬ್ಯಾಡ” ಎಂದ.

“ಹೋಗದೆ? ಸಣ್ಣಕ್ಕನ ಬೆನ್ನು ನೋಡೀಯೇನು? ಉಳುಮಿ ಮಾಡಿದಂಗ ಐತಿ.”

“ಹಂಗಾದ್ರ ನಾನು ಹೊಗಿ ಹಾಕ್ತೀನಿ.”

“ನಿನಗ ಗವಿ ಗೊತ್ತೇನು? ಯಾವ ಸಂದಿನ್ಯಾಗ ಉಸುರು ಬರ್ತೈತಿ ಗೊತ್ತೇನು? ಸುಮ್ನಿರೋ ತಮ್ಮಾ. ಪ್ರತಿ ದಸರಾಕ್ಕೂ ನಾನೇ ಕೇಳೀನಲ್ಲ, ಢಮಾರ್ ಅಂತೈತಿ.”

ಒಲೆಯ ಮುಂದಿದ್ದ ಅತ್ತಿಗೆ ಉಜ್ಜಿನಮ್ಮ ತಿರುಗಿ ನೋಡಲಿಲ್ಲ. “ನೇಮಕಲ್ಲ ಆಂಜನೇಯಗ ಹರಕಿ ಹೊತ್ತೀನಿ,” ಎಂದಳು. “ಮೈದುನಾ, ನೀನಾದ್ರೂ ಆ ಬಂದೂಕ ಒಂದು ಸಲ ಕಣ್ಣಿಲೆ ನೋಡಿ ಬಾ. ನನಗ ಅಷ್ಟು ಮಾಡು.”

ಹೋದ. ಮುನಸಬರು ಹೊಲದ ಕಡೆ ಹೋದ ಹೊತ್ತು ನೋಡಿ ಅವರ ಹಿತ್ತಲ ಬಾಗಿಲಿಗೆ ಹೋಗಿ ನಿಂತ. ಮುನಸಬರ ಹೆಂಡತಿ ಅನ್ನದಾನಮ್ಮ ಕೆಟ್ಟವಳಲ್ಲ. ಬಂದೂಕನ್ನು ಹೊಸ ಸೀರೆಯ ಚುಂಗಿನಲ್ಲಿ ಹಿಡಿದು ತಂದು ಹೊಸ್ತಿಲ ಮೇಲೆ ಇಟ್ಟಳು.

“ನೋಡು. ಒರೆಸಬ್ಯಾಡಪ್ಪ. ಕಟ್ಟಿದ ಪೂಜಿ ಮುಂದಿನ ದಸರಾಕ್ಕೇ ಬಿಚ್ಚೋದು.”

ಮರದ ಹಿಡಿಯ ಮೇಲೆ ಮೂರೆಳೆ ವಿಭೂತಿ. ಬೋಲ್ಟಿನ ಕೊಕ್ಕೆಗೆ ಅರಿಶಿನದ ದಾರ. ಖಾಲಿ ತೋಟಾ ಹೊರಗೆಳೆಯುವ ಆ ಬೋಲ್ಟನ್ನು ಚಿತ್ತಪ್ಪ ಎತ್ತಿ ಎಳೆದ. ಬಂತು, ಆದರೆ ಬಾವಿಯ ಹಳೆಯ ರಾಟೆಯಂತೆ ನರಳುತ್ತ ಬಂತು. ತೋಟಾ ಕೂರುವ ಗೂಡಿನೊಳಗೆ ಕಿರುಬೆರಳು ಹಾಕಿ ತಿರುಗಿಸಿದ. ಬೆರಳು ಕೆಂಪಾಗಿ ಹೊರಬಂತು. ಮೂಸಿ ನೋಡಿದ, ಉಜ್ಜಿ ನೋಡಿದ. ಕುಂಕುಮವೋ ತುಕ್ಕೋ ತಿಳಿಯಲಿಲ್ಲ.

“ಅಮ್ಮಾರ, ಒಂದು ಹನಿ ಸೀಮೆಎಣ್ಣಿ…”

“ದೇವರ ಸಾಮಾನಿಗೆ ಸೀಮೆಎಣ್ಣಿಯೇ? ನಿನಗೇನು ಹುಚ್ಚೇನೋ? ಹಾರ್ತೈತಪ್ಪ, ಚಿಂತಿ ಮಾಡಬ್ಯಾಡ. ಒಂದು ಹಾರಿಸ್ತಾರ, ಒಳಗ ತರ್ತಾರ, ಆರತಿ ಆದಮ್ಯಾಲ ಮತ್ತ ಒಂದು. ಎಂದೂ ತಪ್ಪಿಲ್ಲ.”

ಅವಳು ಹೇಳಿದ್ದು ಚಿತ್ತಪ್ಪನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವನ ತಲೆ ತುಂಬ ಒಂದೇ ಮಾತು ಸುತ್ತುತ್ತಿತ್ತು. ಹಾರುತ್ತದೋ, ಹಾರುವುದಿಲ್ಲವೋ?

ಮರುದಿನ ಬಿಸಿಲೇರುವ ಮುಂಚೆ ಗುಡ್ಡ ಹತ್ತಿದರು. ದೊಣ್ಣೆ, ಡಬ್ಬ, ನಾಯಿ ಹಿಡಿದುಕೊಂಡು ಊರಿನ ಗಂಡಸರೆಲ್ಲ ಕೆಳಗಿನ ಸಾಲಿನಲ್ಲಿ ನಿಂತರು. ಹಜಾಮ ತಿಪ್ಪಯ್ಯನೂ ಬಂದಿದ್ದ. ತಮಾಷೆಗೆಂದು ಯಾರೋ ಅವನ ಕೈಯಲ್ಲಿ ಪೆಟ್ಟಿಗೆ ಹಿಡಿಸಿದ್ದರು. ಮುನಸಬರು ಬಂಡೆಯ ಮೇಲೆ ಮೊಣಕಾಲೂರಿ ಕೂತರು. ಪಕ್ಕದಲ್ಲಿ ಚಿತ್ತಪ್ಪ. ಬೇರೆ ಯಾರೂ ಅಲ್ಲಿ ನಿಲ್ಲಲು ಒಪ್ಪಿರಲಿಲ್ಲ.

ಎದುರಿಗೆ ಬೊಮ್ಮಣ್ಣ ಗವಿಯ ಬಾಯಲ್ಲಿ ಬಗ್ಗಿ ಹೊಗೆಯ ಕಟ್ಟಿಗೆ ಬೆಂಕಿ ಕೊಡುತ್ತಿದ್ದ. ಅವನ ಬೆನ್ನು, ಆ ಹರಿದ ಅಂಗಿ, ಬೆವರಿನ ಕಪ್ಪು ಕಲೆ, ಎಲ್ಲ ಇಲ್ಲಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ಹಾರದಿದ್ದರೆ ಅಣ್ಣ ಹೋದ. ಹಾರಿದರೆ ತನ್ನ ಮೀಸೆ ಹೋಯಿತು, ತಾನು ಸಾಯುವ ತನಕ ಊರು ಸೂಲಗಿತ್ತಿ ಎನ್ನುತ್ತದೆ. ಹೋಗಲಿ ಮೀಸೆ, ಎಂದುಕೊಂಡ. ಆದರೆ ಎದೆಯ ಯಾವುದೋ ಮೂಲೆಯಲ್ಲಿ, ಹಾರದಿರಲಿ, ಈ ಮುದುಕನ ಮುಖ ಒಮ್ಮೆ ಬಾಡಲಿ ಎಂಬ ಆಸೆ ಹೆಡೆ ಎತ್ತಿತು. ಅದನ್ನು ಕಂಡು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಥೂ, ಅಣ್ಣನ ತಲೆ ಪಣಕ್ಕಿಟ್ಟು ಗೆಲ್ಲುವ ಮಾತು ಅದೆಂಥ ಮಾತು! ‘ಹಾರಲಿ, ನಮ್ಮಪ್ಪಾ ಹಾರಲಿ’ ಎಂದು ಹಲ್ಲು ಕಚ್ಚಿದ.

ಹೊಗೆ ಒಳಗೆ ಹೋಯಿತು. ಒಂದು ಗೊರಕೆ, ಒಂದು ಕೆಮ್ಮು, ಮನುಷ್ಯರು ಕೆಮ್ಮಿದ ಹಾಗೇ. ಬೊಮ್ಮಣ್ಣ ಪಕ್ಕಕ್ಕೆ ಜಿಗಿದ. ಕರಡಿ ಕರಿಯ ಗೋಣಿಮೂಟೆಯಂತೆ ಉರುಳಿ ಹೊರಗೆ ಬಂತು.

ಮುನಸಬರು ಬಂದೂಕಿನ ಕುದುರೆ ಎಳೆದರು.

ಢಮಾರ್!

ಹಾರಿತು! ಗುಡ್ಡವೆಲ್ಲ ಗುಡುಗಿತು. ಕೆಳಗೆ ಊರು ಹೋ ಎಂದಿತು. ಚಿತ್ತಪ್ಪನೂ ಹೋ ಎಂದ. ಕಣ್ಣಲ್ಲಿ ನೀರು ಬಂತು. ಗುಂಡು ತಾಗಿತ್ತು. ಕರಡಿ ಕುಕ್ಕರಿಸಿ ಬಿದ್ದು ಎದ್ದಿತು. ಎದ್ದು, ತನ್ನ ಹತ್ತಿರ ಇದ್ದವನ ಕಡೆ ತಿರುಗಿತು.

“ಇನ್ನೊಂದು! ಅಯ್ಯನೋರ, ಇನ್ನೊಂದು ಹೊಡೀರಿ!”

ಮುನಸಬರು ಬೋಲ್ಟು ಎತ್ತಲು ಹೋದರು. ಅದು ಏಳಲಿಲ್ಲ. ಅಂಗೈಯಿಂದ ಗುದ್ದಿದರು, ಏಳಲಿಲ್ಲ. ಖಾಲಿ ತೋಟಾ ಗೂಡಿನೊಳಗೆ ಕಚ್ಚಿಕೊಂಡಿತ್ತು. ‘ಒಂದು ಹಾರಿಸ್ತಾರ, ಒಳಗ ತರ್ತಾರ’ ಎಂದು ಅನ್ನದಾನಮ್ಮ ಅಂದದ್ದು ಈಗ ಚಿತ್ತಪ್ಪನ ತಲೆಗೆ ಹೋಯಿತು. ಒಳಗೆ ಯಾಕೆ ತರುತ್ತಾರೆ ಎಂದು ತಾನು ಕೇಳಲಿಲ್ಲವಲ್ಲ! ಆರತಿಯ ಮರೆಯಲ್ಲಿ ಯಾವನೋ ಕಲ್ಲಿನಿಂದ ಕುಟ್ಟಿ ಬಿಡಿಸುತ್ತಿದ್ದಿರಬೇಕು. ಚಿತ್ತಪ್ಪ ಬಂದೂಕನ್ನು ಕಿತ್ತುಕೊಂಡು, ಹಿಡಿಯನ್ನು ಬಂಡೆಗೆ ಊರಿ, ಕೊಕ್ಕೆಯನ್ನು ಹಿಮ್ಮಡಿಯಿಂದ ಒದ್ದ. ಮತ್ತೆ ಒದ್ದ. ಬೋಲ್ಟು ಬಂತು, ಬರಿಗೈಯಲ್ಲಿ ಬಂತು. ತೋಟಾ ಒಳಗೇ ಉಳಿಯಿತು.

ಅಷ್ಟರಲ್ಲಿ ಅಣ್ಣನ ಕೂಗು.

ಬಂದೂಕನ್ನು ದೊಣ್ಣೆಯಂತೆ ತಿರುಗಿಸಿ ಹಿಡಿದು ಓಡಿದ. ಕರಡಿಯ ತಲೆಗೆ ಹೊಡೆದ, ಮರದ ಹಿಡಿ ಸೀಳಿತು. ನಾಯಿಗಳು ಬಂದವು, ದೊಣ್ಣೆಗಳು ಬಂದವು. ಕರಡಿ ಬಿಟ್ಟು ಕೆಳಗೆ ಓಡಿ, ಹಳ್ಳದ ಪೊದೆಯಲ್ಲಿ ಬಿದ್ದು ಪ್ರಾಣ ಬಿಟ್ಟಿತು. ಮೊದಲ ಗುಂಡೇ ಸಾಕಾಗಿತ್ತು, ಸಾಯಲು ಅದಕ್ಕೆ ಸ್ವಲ್ಪ ಹೊತ್ತು ಬೇಕಿತ್ತು, ಅಷ್ಟೇ.

ಬೊಮ್ಮಣ್ಣನಿಗೆ ಉಸಿರಿತ್ತು. ಮುಖದ ಎಡಭಾಗ ಮಾತ್ರ ಮುಖವಾಗಿ ಉಳಿದಿರಲಿಲ್ಲ. ಒಂದು ಕಣ್ಣು ಹೋಗಿತ್ತು. ಚಿತ್ತಪ್ಪ ತನ್ನ ರುಮಾಲು ಬಿಚ್ಚಿ ಸುತ್ತಿದ. “ಹಾರ್ತೇನೋ ತಮ್ಮಾ?” ಎಂದು ಬೊಮ್ಮಣ್ಣ ರಕ್ತದ ನಡುವೆ ಕೇಳಿದ. “ಹಾರ್ತು ಅಣ್ಣಾ, ಮಾತಾಡಬ್ಯಾಡ.”

ಯಾರೋ ಓಡಿಹೋಗಿ ಮಂಚ ತಂದರು. ಅಷ್ಟೊತ್ತಿಗೆ ಹಳ್ಳದಿಂದ ಕರಡಿಯನ್ನು ಎಳೆದು ತಂದಿದ್ದರು. ಒಂದು ಗುಂಡು, ಒಂದು ಕರಡಿ. ಜನ ಮುನಸಬರ ಸುತ್ತ ಸೇರಿದ್ದರು. ಜನ ಹೆಚ್ಚಿದಂತೆ ಅವರ ದನಿ ಮರಳಿ ಗಟ್ಟಿಯಾಗುತ್ತಿತ್ತು.

“ಪಾಪ, ಬೊಮ್ಮ ಪಕ್ಕಕ್ಕ ಸರೀಬೇಕಿತ್ತು. ಆಸ್ಪತ್ರ್ಯಾಗ ನಮ್ಮ ಹೆಸರು ಹೇಳ್ರಿ.” ಆಮೇಲೆ ಎಲ್ಲರಿಗೂ ಕೇಳುವಂತೆ, “ಏನ್ಲೇ ಚಿತ್ತಾ, ಊರ ಮುಂದ ಮಾತಾಡಿದ್ಯಲ್ಲ. ಈಗ ಹೇಳು. ಹಾರ್ತೋ ಇಲ್ಲೋ?”

ಯಾರೂ ನಗಲಿಲ್ಲ. ಎಲ್ಲರೂ ಚಿತ್ತಪ್ಪನ ಬಾಯನ್ನೇ ನೋಡುತ್ತಿದ್ದರು. ತಿಪ್ಪಯ್ಯ ಪೆಟ್ಟಿಗೆಯನ್ನು ಬೆನ್ನ ಹಿಂದೆ ಸರಿಸಿಕೊಂಡ.

ಚಿತ್ತಪ್ಪ ಮಂಚದ ಮುಂದಿನ ಕಾಲುಗಳ ನಡುವೆ ಕೂತು ಹೆಗಲು ಕೊಟ್ಟ. ಹಿಂದೆ ಹೆಗಲು ಕೊಟ್ಟವರು ಎದ್ದರೋ ಎಂದು ಒಮ್ಮೆ ತಿರುಗಿ ನೋಡಿ, ಎದ್ದು, ರಾಯದುರ್ಗದ ಆಸ್ಪತ್ರೆಯ ದಾರಿ ಹಿಡಿದ.

“ನಿನ್ನೇ ಕೇಳಾಕತ್ತೀನಿ!” ಮುನಸಬರು ಕೂಗಿದರು.

ಅವನು ಕಲ್ಲು ನೋಡಿ ಕಾಲಿಡುತ್ತ, ಮಂಚ ಕುಲುಕದಂತೆ ಗುಡ್ಡ ಇಳಿಯುತ್ತಿದ್ದ.